ಸೀಟಿನ ಕೆಳಗಿನ ನಟ್ಟು

ಮದುವೆಯಾಗಿ ರಾಣೆಬೆನ್ನೂರಿಗೆ ಹೋಗುವಾಗ ನನ್ನ ರೇಸ್ ಸೈಕಲ್ಲನ್ನು ಬ್ಯಾಡಗಿಯ ತವರಿನಲ್ಲೇ ಬಿಟ್ಟಿದ್ದೆ. ಕಾರ್ಬನ್ ಫೈಬರಿನದು, ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ. ರೇಸ್ ಬಿಟ್ಟ ಹಿರಿಯ ಆಟಗಾರ್ತಿಯೊಬ್ಬರು ಕೊಟ್ಟಿದ್ದರು. ಅದರ ಮೇಲೆ ಬೆಳಿಗ್ಗೆ ಹಾವೇರಿಗೆ ಹೋಗಿ, ಅಮ್ಮ ರೊಟ್ಟಿ ಬಡಿಯುವ ಹೊತ್ತಿಗೆ ಮನೆಗೆ ಬರುತ್ತಿದ್ದೆ. ಊರಿನಲ್ಲಿ ಅಂಥ ಸೈಕಲ್ಲು ಮತ್ತೊಂದಿಲ್ಲ ಎಂಬ ಜಂಬವೂ ಇತ್ತು.

ಎರಡು ಹೆರಿಗೆ ಮುಗಿದು ಮೈ ಭಾರವಾಗಿ, ಕಂಡಕಂಡವರ ಮೇಲೆ ಹರಿಹಾಯುವಂತಾದಾಗ ಮತ್ತೆ ಸೈಕಲ್ ತುಳಿಯಬೇಕು ಅನ್ನಿಸಿತು. ಬೇರೆಯದು ಬೇಡ, ಅದೇ ಬೇಕು. ಅದನ್ನು ಹತ್ತಿದರೆ ಹಳೆಯ ನಾನು ಮತ್ತೆ ಸಿಗುತ್ತೇನೆ ಎಂಬ ಹುಚ್ಚು. ಒಂದು ದಿನ ಬಸ್ಸು ಹಿಡಿದು ಬಂದೇಬಿಟ್ಟೆ.

ಅಪ್ಪನದು ಮೆಣಸಿನಕಾಯಿ ಪುಡಿ ಮಾಡುವ ಗಿರಣಿ. ಸೈಕಲ್ಲು ಅದರ ಹಿಂದೆ, ಬಿಸಿಲು ಬೀಳುವ ಕಡೆ, ಗೋಣಿಚೀಲ ಹೊದ್ದು ನಿಂತಿತ್ತು. ಚೀಲ ತೆಗೆದ ಕೂಡಲೇ ಸೀನು ಹತ್ತಿತು. ಕಪ್ಪು ಹೊಳಪು ಬೂದಿ ಬಣ್ಣಕ್ಕೆ ತಿರುಗಿ, ಮೇಲಿನ ಪಾಲಿಶ್ ಈರುಳ್ಳಿ ಸಿಪ್ಪೆಯಂತೆ ಏಳುತ್ತಿತ್ತು. ಚೈನು ತುಕ್ಕು ಹಿಡಿದಿತ್ತು.

“ಹಂಗ್ಯಾಕ ನೋಡ್ತಿ? ಪ್ರತಿ ವರ್ಷ ದಸರಿ ಖಂಡೇ ಪೂಜಿಗೆ ತೊಳದು ಕುಂಕುಮ ಹಚ್ಚೇನಿ,” ಎಂದ ಅಪ್ಪ.

ಪಾಲಿಶ್, ಚೈನು ದೊಡ್ಡ ಮಾತಲ್ಲ. ಸೈಕಲ್ಲಿನ ಚೌಕಟ್ಟಿನ ಕೊಳವೆ ಒಳಗೆ ಗಟ್ಟಿ ಇದೆಯೇ ಎಂಬುದೇ ಪ್ರಶ್ನೆ. ಕಬ್ಬಿಣವಾದರೆ ಬಾಗುತ್ತದೆ, ಬೆಸುಗೆ ಹಾಕಿಸಬಹುದು. ಕಾರ್ಬನ್ ಒಳಗೆ ಸೀಳಿದ್ದರೆ ಹೇಳದೆ ಕೇಳದೆ ಮುರಿಯುತ್ತದೆ. ರೇಸಿನ ದಿನಗಳಲ್ಲಿ ಕಲಿತಂತೆ ನಾಣ್ಯ ಹಿಡಿದು ಕೊಳವೆಯ ಉದ್ದಕ್ಕೂ ಬಡಿಯುತ್ತ ಬಂದೆ. ಮುಂದೆ ಟಣ್ ಎಂದಿತು, ಕೆಳಗೂ ಟಣ್ ಎಂದಿತು. ಮನಸ್ಸಿನಲ್ಲಿ ನಾನಾಗಲೇ ಹಾವೇರಿ ದಾರಿಯ ಮೋಟೆಬೆನ್ನೂರು ದಾಟಿದ್ದೆ.

ಸೀಟಿನ ಕೆಳಗೆ ಬಡಿದಾಗ ಸದ್ದು ಬೊದ್ ಎಂದಿತು. ಒರೆಸಿ ನೋಡಿದೆ. ಸೀಟಿನ ಕಂಬಿಯನ್ನು ಬಿಗಿಹಿಡಿಯುವ ಪಟ್ಟಿಯ ಬುಡದಿಂದ ಕೂದಲೆಳೆಯಂಥ ಸೀಳು ಇಳಿದಿತ್ತು. ಉಗುರು ಅದರಲ್ಲಿ ಸಿಕ್ಕಿತು. ಪಟ್ಟಿಯ ನಟ್ಟು ಬಿಚ್ಚಲು ಹೋದರೆ ಜಪ್ಪಯ್ಯ ಎಂದರೂ ಅಲುಗಲಿಲ್ಲ.

“ಇದನ್ನ ಯಾರು ಇಷ್ಟು ಬಿಗಿ ಮಾಡ್ಯಾರ?”

“ನಾನ ಮಾಡೇನಿ. ಪೂಜಿ ದಿನ ಗಿರಣಿ ನಟ್ಟೆಲ್ಲಾ ಬಿಗಿ ಮಾಡ್ತೀನಲ್ಲ, ಅವುಗಳ ಜೋಡಿ ಇದನ್ನೂ ಒಂದ್ ಸುತ್ತು ತಿರುವುತಿದ್ದೆ. ನೀ ಯಾವಾಗರ ಬಂದು ಹತ್ತಿದ್ರ?”

ಗಿರಣಿ ದಿನವಿಡೀ ನಡುಗುತ್ತದೆ, ಅದರ ನಟ್ಟು ಸಡಿಲವಾಗುತ್ತವೆ. ಸುಮ್ಮನೆ ನಿಂತ ಸೈಕಲ್ಲಿನದು ಎಲ್ಲಿ ಸಡಿಲವಾಗುತ್ತದೆ? ದಸರೆಗೊಮ್ಮೆ ಬಿಗಿದು ಬಿಗಿದು ಕೊಳವೆಯೇ ಸೀಳಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆದೆ. ಅಪ್ಪ ತನ್ನ ಹೆಗಲ ಮೇಲಿನ ಟವೆಲ್ಲಿನಿಂದ ಹ್ಯಾಂಡಲ್ ಒರೆಸುತ್ತಿದ್ದ, ನಾನು ಈಗಲೇ ಹತ್ತಿ ಹೊರಡುತ್ತೇನೆ ಎಂಬಂತೆ. ಬಾಯಿ ಮುಚ್ಚಿದೆ. ನನ್ನ ಬಾಯಿ ಹಾಗೆ ಮುಚ್ಚಿದ್ದು ಅಪರೂಪ.

“ಇದನ್ನ ಇನ್ನ ಹತ್ತಾಕ ಬರೂದಿಲ್ಲಪಾ,” ಎಂದೆ.

ಅಪ್ಪನ ಕೈ ನಿಂತಿತು. “ಯಾಕ ಯವ್ವಾ? ಯಾವದರ ನಟ್ಟು ಸಡ್ಲ ಆಗೇತೇನು?”

“ಇಲ್ಲಪಾ. ಒಂದೂ ಸಡ್ಲ ಆಗಿಲ್ಲ.”

“ಮತ್ತ!” ಎಂದ ಅಪ್ಪ, ಮುಖ ಗೆಲುವಾಯಿತು. “ನಿನ್ನ ಸೈಕಲ್ ಅದು. ಹಂಗ ಬಿಡ್ತೀನೇನು?”