ಗೆರೆ ಏರಿಸಿದ ಮನೆ

ನಮ್ಮ ದೊಡ್ಡಪ್ಪ ಬ್ಯಾಂಕಿನಲ್ಲಿ ಗೃಹಸಾಲದ ಗುಮಾಸ್ತ. ಮೂರು ತಿಂಗಳು ಕಂತು ಕಟ್ಟದ ಮನೆಗೆ ಅಲ್ಲಿ ‘ಗಂಭೀರ ಬಾಕಿ’ ಎನ್ನುತ್ತಾರೆ. ಇನ್ನೂರು ಸಾಲಗಳಲ್ಲಿ ಇಂಥವು ಎಷ್ಟೆಂದು ಎಣಿಸಿ, ಪ್ರತಿ ತಿಂಗಳು ಗೋಡೆಯ ಚಾರ್ಟಿನಲ್ಲಿ ಕೆಂಪು ಗೆರೆ ಮುಂದುವರಿಸುವುದು ಅವರ ಕೆಲಸ. ಎರಡು ವರ್ಷದಿಂದ ಗೆರೆ ಇಳಿಯುತ್ತಲೇ ಇತ್ತು. ತಾವೇ ಕೈಹಿಡಿದು ಇಳಿಸಿದವರಂತೆ ದೊಡ್ಡಪ್ಪ ಬೀಗುತ್ತಿದ್ದರು. ಗೆರೆ ಇಳಿಯುತ್ತಿರುವಾಗಲೇ ನಿವೃತ್ತರಾಗಬೇಕು ಎಂಬುದೊಂದೇ ಅವರ ಆಸೆ.

ನಿವೃತ್ತಿಗೆ ಒಂದು ತಿಂಗಳಿರುವಾಗ ಗೆರೆ ಒಂದು ಮನೆಯಷ್ಟು ಮೇಲೇರಿತು.

“ಯಾವನಯ್ಯಾ ಈ ದರಿದ್ರ?” ಎಂದು ಗುಡುಗುತ್ತಾ ಕಡತ ಬಿಚ್ಚಿದರು. ಸಾಲಗಾರನ ಫೋಟೊ ಅವರದೇ!

ಸಂಬಳದ ಖಾತೆ ಬದಲಾಯಿಸಿದವರು ಕಂತಿನ ಕಡಿತವನ್ನು ಖಾಲಿಯಾದ ಹಳೆಯ ಖಾತೆಯಲ್ಲೇ ಮರೆತಿದ್ದರು. ಮೂರು ನೋಟಿಸುಗಳ ಲಕೋಟೆ ಮೇಲೆ ವಿಳಾಸ ಬರೆದವರೂ ಇವರೇ. ಓದಿದರೆ ಮರುಕ ಬರುತ್ತದೆ, ಮರುಕ ಬಂದರೆ ಕೈ ಓಡುವುದಿಲ್ಲ ಎಂದು ಬಾಕಿದಾರರ ಹೆಸರು-ವಿಳಾಸದ ಪಟ್ಟಿಯನ್ನು ಓದದೆ ನಕಲು ಮಾಡುವುದು ಅವರ ಪದ್ಧತಿ. ಅಂಥ ಬುದ್ಧಿವಂತ!

ಮಧ್ಯಾಹ್ನವೇ ಬಾಕಿ ಕಟ್ಟಿ ಮನೆಗೆ ಓಡಿಬಂದರು. ದೊಡ್ಡಮ್ಮ ಮೂರೂ ಲಕೋಟೆಗಳನ್ನು ಒಡೆಯದೆ ಸೀರೆಗಳ ನಡುವೆ ಇಟ್ಟಿದ್ದರು.

“ಯಾಕೆ ಒಡೀಲಿಲ್ಲ ಕಣೇ?”

“ನಿಮ್ಮ ಕೈಬರಹ ಅಲ್ವಾ? ಸೋಫಾ ವಿಷ್ಯಕ್ಕೆ ತಪ್ಪಾಯ್ತು ಅಂತ ಬರ್ದಿದೀರಿ ಅಂದ್ಕೊಂಡೆ. ಬಾಯಲ್ಲೇ ಹೇಳ್ಲಿ ಅಂತ ಕಾಯ್ತಿದ್ದೆ.”

ಆ ಸೋಫಾ ಬಾಗಿಲಲ್ಲಿ ತೂರದೆ ನಾಲ್ಕು ತಿಂಗಳಿಂದ ಅಂಗಳದಲ್ಲೇ ಇತ್ತು. ಬಾಗಿಲು ಅಳೆದದ್ದು ದೊಡ್ಡಪ್ಪ, ಬೈಸಿಕೊಂಡದ್ದು ದೊಡ್ಡಮ್ಮ. ಅಂದಿನಿಂದ ದೊಡ್ಡಮ್ಮನ ಬಾಯಲ್ಲಿ “ಊಟ ಇಟ್ಟಿದೀನಿ” ಬಿಟ್ಟರೆ ಬೇರೆ ಮಾತಿಲ್ಲ.

ದೊಡ್ಡಮ್ಮ ಒಂದು ಲಕೋಟೆ ಹರಿದು ಜೋರಾಗಿ ಓದಿದರು: “ಏಳು ದಿನದೊಳಗೆ ಕಟ್ಟದಿದ್ದರೆ ಕಠಿಣ ಕ್ರಮ ಕೈಗೊಳ್ಳಲಾಗುವುದು. ಇಂತಿ ತಮ್ಮ ವಿಶ್ವಾಸಿ.” ಆಮೇಲೆ ಮೂರನ್ನೂ ದೊಡ್ಡಪ್ಪನ ಕೈಗಿಟ್ಟು ಒಳಗೆ ಹೋದರು. ನಗಬೇಕೆನಿಸಿದರೂ ಅಲ್ಲೇ ಇದ್ದ ನನಗೆ ಪಾಪ ಎನಿಸಿದ್ದು ದೊಡ್ಡಮ್ಮನನ್ನು ಕಂಡು.

ಕೊನೆಯ ದಿನ ಗೆರೆ ಮತ್ತೆ ಇಳಿಯಿತು. ಮ್ಯಾನೇಜರು ಹಾರ ಹಾಕಿದರು. ಎರಡು ದಿನ ಬಿಟ್ಟು ಮನೆಗೆ ಅದೇ ಕೈಬರಹದ ನಾಲ್ಕನೆಯ ಲಕೋಟೆ ಬಂತು. ದೊಡ್ಡಪ್ಪ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ಈ ಸಲ ದೊಡ್ಡಮ್ಮ ನಿಂತಲ್ಲೇ ಒಡೆದರು. ಒಳಗಿದ್ದದ್ದು ಒಂದೇ ಸಾಲು: “ಬಾಗಿಲು ತಪ್ಪಾಗಿ ಅಳೆದವನು ನಾನೇ. ಬಡ್ಡಿ ಸಮೇತ ಕ್ಷಮೆ ಕೇಳುತ್ತೇನೆ.”

ದೊಡ್ಡಮ್ಮ ಎರಡು ಸಲ ಓದಿ, ಪೇಪರನ್ನು ಮೆಲ್ಲಗೆ ಕೆಳಗೆಳೆದು ಕೇಳಿದರು:

“ಬಡ್ಡಿ ಎಷ್ಟು ಅಂತ ಬರ್ದೇ ಇಲ್ವಲ್ರೀ?”