ನಗು ಬರೋ ಜಾಗ

ಹರಿಪ್ರಸಾದನ ಸಿಟ್ಟು ಯಾರ ಮೇಲೆ ಅಂತ ಕೇಳಿದರೆ ಅವನಿಗೇ ಹೇಳಲು ಬರುತ್ತಿರಲಿಲ್ಲ. ಮೈಸೂರಿನವನು, ಈಗ ಅಮೆರಿಕದ ರಾಕ್‌ವಿಲ್‌ನ ಒಂದು ಬಯೋಟೆಕ್ ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಮನುಷ್ಯ ಒಳ್ಳೆಯವನೇ. ಆದರೆ ಒಂದು ಹಳೇ ಬ್ರಿಟಿಷ್ ಕಾಮಿಡಿ ಸಿನಿಮಾದ ಮಾತು ಬಂತೋ, ಅವನನ್ನು ಹಿಡಿಯುವವರಿಲ್ಲ.

ಕಪ್ಪು-ಬಿಳುಪಿನ ಚಿತ್ರ. ಸಾವಿನ ಮನೆಗೆಂದು ಹೊರಟ ಬ್ಯಾಂಡಿನವರು ವಿಳಾಸ ತಪ್ಪಿ ಇನ್ನೊಬ್ಬ ಮುದುಕನ ಬಾಗಿಲು ಬಡಿಯುತ್ತಾರೆ. ಆ ಮುದುಕನೋ ಗುಂಡುಕಲ್ಲಿನ ಹಾಗಿದ್ದಾನೆ. ಆದರೂ 'ನಾನು ಸತ್ತಿಲ್ಲ' ಅನ್ನಲು ಅವನಿಗೆ ಸಂಕೋಚ! ಬಂದವರಿಗೆ ಬೇಜಾರಾದೀತೆಂದು ಟೀ ಕೊಡುತ್ತಾನೆ. ಬ್ಯಾಂಡ್ ಹೊರಟಾಗ ತಾನೇ ಟೋಪಿ ತೆಗೆದು, ತಲೆ ತಗ್ಗಿಸಿ ಹಿಂದೆ ನಡೆಯುತ್ತಾನೆ. ಕಾಲೇಜಿನ ದಿನಗಳಲ್ಲಿ ಅದನ್ನು ನೋಡಿ ಹರಿಪ್ರಸಾದ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ತೆಗೆದವರು ಇಂಗ್ಲೆಂಡಿನವರಾದರೇನು, ಅದು ನಮ್ಮನೆ ಕಥೆಯೇ ಎಂಬುದು ಅವನ ವಾದ. ಹಸಿವಿನಿಂದ ಪ್ರಾಣ ಹೋಗುತ್ತಿದ್ದರೂ 'ಈಗಷ್ಟೇ ಊಟ ಆಯ್ತು' ಎನ್ನುವ ಜನ ನಾವು. ನಮಗಲ್ಲದೆ ಇನ್ಯಾರಿಗೆ ಅರ್ಥವಾಗಬೇಕು, ನೀವೇ ಹೇಳಿ.

ಅರ್ಥವಾಗಬೇಕಿದ್ದದ್ದು ಮಗಳು ಯಾಮಿನಿಗೆ. ಹೈಸ್ಕೂಲು ಸೇರಿದ ಮೇಲೆ ಅವಳು ಅಪ್ಪನ ಹತ್ತಿರ ಬಾಯಿ ಬಿಡುವುದು 'ರೈಡ್ ಕೊಡ್ತೀಯಾ' ಅನ್ನಲು ಮಾತ್ರ. ಒಂದು ಸಲ ಅವಳ ಜೊತೆ ಕೂತು ಮನಸಾರೆ ನಗಬೇಕು, ಇನ್ನೇನೂ ಬೇಡ ಅಂತ ಅವನ ಆಸೆ. ಭಾನುವಾರ ಮಧ್ಯಾಹ್ನ ಬೇಸ್‌ಮೆಂಟಿನಲ್ಲಿ ಡಿವಿಡಿ ಹಾಕಿದ. ಹೆಂಡತಿ ನೀರಜಾ ಬಟ್ಟೆ ಮಡಿಸುತ್ತ ಕೂತಳು.

"ಈಗ ನೋಡು, ಬಾಗಿಲು ತೆಗೀತಾನೆ!"

"ಅಪ್ಪಾ, ಐ ಕ್ಯಾನ್ ಸೀ," ಎಂದಳು ಯಾಮಿನಿ.

"ಅಲ್ಲ ಪುಟ್ಟಾ, ಮುಖ ನೋಡು ಮುಖ! ಹೇಳಕ್ಕಾಗ್ತಿಲ್ಲ ಅವ್ನಿಗೆ."

"ವೈ ನಾಟ್? ನಾನು ಡೆಡ್ ಅಲ್ಲ ಅಂತ ಹೇಳ್ಬೋದಲ್ವಾ?"

ಅಯ್ಯೋ ರಾಮಾ! "ಸಂಕೋಚ ಕಣೇ!"

"ವಾಟ್ಸ್ ದಟ್?"

ಹರಿಪ್ರಸಾದ ಚಿತ್ರ ನಿಲ್ಲಿಸಿದ. ಶೈ ಅಂದ, ಅಲ್ಲ ಅಂದ. ಪೊಲೈಟ್ ಅಂದ, ಛೆ, ಅದೂ ಅಲ್ಲ ಅಂದ. ಕೊನೆಗೆ ಮಾವನ ಮನೆಯಲ್ಲಿ ತಾನು ಪಾಯಸ ಬೇಡವೆಂದು ಕೈ ಅಡ್ಡ ಹಿಡಿದ ಕಥೆಯನ್ನೇ ಶುರು ಮಾಡಿದ. ಟೀವಿಯಲ್ಲಿ ಮುದುಕ ಬಾಯಿ ತೆರೆದುಕೊಂಡು ನಿಂತೇ ಇದ್ದ. ಯಾಮಿನಿ ಫೋನ್ ತೆಗೆದು ಮೆಸೇಜ್ ಒತ್ತತೊಡಗಿದಳು.

"ನಿಮ್ಗೇನ್ ತೋರ್ಸಿದ್ರೂ ಅಷ್ಟೆ! ತಲೆ ಚಚ್ಕೋಬೇಕು!" ರಿಮೋಟನ್ನು ಸೋಫಾದ ಮೇಲೆ ಎಸೆದು ದಡದಡ ಮೇಲೆ ಹೋದ. ಕಾಫಿಗೆ ಹಾಲಿಟ್ಟ. ಯಾಕಾದರೂ ಈ ಉಸಾಬರಿಗೆ ಹೋದೆನೋ ಎಂದು ಗೊಣಗಿದ.

ಹಾಲು ಇನ್ನೇನು ಉಕ್ಕಬೇಕು, ಕೆಳಗಿನಿಂದ ನಗು ಕೇಳಿಸಿತು. ಯಾಮಿನಿಯದು. ಹಿಂದೆಯೇ ನೀರಜಾಳದೂ. ಸ್ಟವ್ ಆರಿಸಿ ಅರ್ಧ ಮೆಟ್ಟಿಲಿಳಿದ. ಚಿತ್ರ ಓಡುತ್ತಿತ್ತು, ಮುದುಕ ಬ್ಯಾಂಡಿನವರಿಗೆ ಸಕ್ಕರೆ ಎಷ್ಟು ಹಾಕಲಿ ಅಂತ ಕೇಳುತ್ತಿದ್ದ. ಮಗಳು ಸೋಫಾದಿಂದ ಜಾರಿ ಕಾರ್ಪೆಟ್ ಮೇಲೆ ಬಿದ್ದು ನಗುತ್ತಿದ್ದಳು. ಅಷ್ಟು ನಕ್ಕಿದ್ದನ್ನು ಅವನು ನೋಡಿ ಎಷ್ಟು ಕಾಲವಾಗಿತ್ತೋ.

"ಬನ್ರೀ, ಕೂತ್ಕೊಳ್ಳಿ," ಎಂದಳು ನೀರಜಾ.

ಯಾಮಿನಿ ತಿರುಗಿ ನೋಡಿದಳು. ನಗು ನಿಂತಿತು. "ಅಪ್ಪಾ, ಪ್ಲೀಸ್. ನೀನು ಬಂದ್ರೆ ಮತ್ತೆ ಎಕ್ಸ್‌ಪ್ಲೇನ್ ಮಾಡ್ತೀಯ. ಮುಗಿದ್ಮೇಲೆ ಬಾ."

ಇಲ್ಲ ಪುಟ್ಟಾ, ಬಾಯಿ ಬಿಡಲ್ಲ, ಸುಮ್ಮನೆ ಮೂಲೆಯಲ್ಲಿ ಕೂತಿರ್ತೀನಿ ಅನ್ನಬೇಕೆನಿಸಿತು.

"ಪರ್ವಾಗಿಲ್ಲ, ನೀವು ನೋಡಿ," ಎಂದ ಹರಿಪ್ರಸಾದ. "ನಂಗೆ ಮೇಲೆ ಸ್ವಲ್ಪ ಕೆಲ್ಸ ಇದೆ."