ರೊಟ್ಟಿ ಸುತ್ತಿದ ಹಾಳೆ

ಮಾನಮ್ಮ ರಾಯಚೂರು ಸೀಮೆಯ ಜಾಲಹಳ್ಳಿಯ ಕೂಲಿ ಮನೆತನದ ಮೊದಲ ಪದವೀಧರೆ. ಗಂಡ ಸೂಗಪ್ಪ ಮತ್ತು ಅವಳು ದೇವದುರ್ಗದ ಒಂದೇ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ದಸರಾ ರಜೆಯಲ್ಲಿ ರಾಯಚೂರಿನ ಹನ್ನೆರಡು ದಿನದ ತರಬೇತಿಗೆ ಮಾತ್ರ ಮೂರು ವರ್ಷವೂ ಅವನೇ ಹೋದ.

"ನಿಮಗ ಮಕ್ಕಳದಾವಲ್ರಿ ಟೀಚರ್," ಅಂದಿದ್ದರು ಹೆಡ್‌ಮಾಸ್ಟರ್ ಖಾಸಿಂ ಸಾಬ್. ಆ ಮಕ್ಕಳು ಸೂಗಪ್ಪನವೂ ಹೌದೆಂದು ಅವರಿಗೆ ಹೊಳೆದಿರಲಿಲ್ಲ.

ಪ್ರತಿ ಸಲವೂ ಅವಳು ಐವತ್ತು ಖಡಕ್ ರೊಟ್ಟಿ ಬಡಿದು ಕಟ್ಟಿಕೊಟ್ಟಳು. ಅವನು ಮೈ ತುಂಬಿಕೊಂಡು ಬಂದ.

"ಕೂತಲ್ಲೇ ಚಾ ಬರ್ತದ ನೋಡು. ಗ್ಲಾಸ್ ಸೈತ ತೊಳ್ಯಾಂಗಿಲ್ಲ."

ಅವನು ತಂದ ಪ್ರಮಾಣಪತ್ರಕ್ಕಿಂತ ಆ ಚಹಾ ಅವಳ ಹೊಟ್ಟೆ ಉರಿಸಿತು. ಉಳಿದ ರೊಟ್ಟಿಯನ್ನು ಅವನು ತರಬೇತಿಯ ಹಾಳೆಗಳಲ್ಲೇ ಸುತ್ತಿ ತರುತ್ತಿದ್ದ. ಅವಳು ಹಿಟ್ಟು ಕೊಡವಿ, ಹಾಸಿಗೆಯ ಕೆಳಗಿಟ್ಟು ಸುಕ್ಕು ತೆಗೆದು, ಅನ್ನ ಬೇಯುವಾಗ ಓದಿದಳು.

೧೯೮೪ರಲ್ಲಿ ತರಬೇತಿಯಿಂದ ಏನು ಉಪಯೋಗವಾಗಿದೆಯೆಂದು ನೋಡಲು ಅಧಿಕಾರಿಯೊಬ್ಬರು ಬಂದರು. ಸೂಗಪ್ಪ ಎಂದಿನಂತೆ ಹುಡುಗರಿಗೆ ಉತ್ತರ ಬರೆಸುತ್ತಿದ್ದ. ಪಕ್ಕದ ಕೋಣೆಯಲ್ಲಿ ಮಾನಮ್ಮನ ತರಗತಿಯ ಹುಡುಗಿಯರು, ಆ ಹಾಳೆಗಳಲ್ಲಿದ್ದಂತೆಯೇ, ಪಪ್ಪಾಯಿ ಎಲೆಯ ದಂಟಿನ ಕೊಳವೆಯಿಂದ ತಿಳಿ ಸುಣ್ಣದ ನೀರಿಗೆ ಉಸಿರು ಊದುತ್ತಿದ್ದರು. ನೀರು ಹಾಲಿನಂತೆ ಬೆಳ್ಳಗಾಯಿತು.

"ಯಾವ ವರ್ಷ ತರಬೇತಿಗೆ ಹೋಗಿದ್ರಿ?" ಅಧಿಕಾರಿ ಕೇಳಿದರು.

"ನಾ ಹೋಗಿಲ್ರಿ. ನನ್ನ ರೊಟ್ಟಿ ಹೋಗ್ಯಾವ."

ಹುಡುಗಿಯರು ಕಿಸಕ್ಕನೆ ನಕ್ಕರು. ಅಧಿಕಾರಿ ನಗಲಿಲ್ಲ, ಅವಳ ಹೆಸರು ಬರೆದುಕೊಂಡರು. ಬಾಗಿಲಲ್ಲಿ ನಿಂತ ಸೂಗಪ್ಪನ ಮುಖದಲ್ಲಿದ್ದ ಉರಿಯನ್ನು ಮಾನಮ್ಮ ಕೂಡಲೇ ಗುರುತಿಸಿದಳು. ಮೂರು ವರ್ಷದಿಂದ ಅದು ಅವಳದೇ ಆಗಿತ್ತು.

ಆ ದಸರೆಯ ಪಟ್ಟಿಯಲ್ಲಿ ಅವಳ ಹೆಸರು ಬಂತು.

"ದೊಡ್ಡಾಕಿ ಆದಿ ಬಿಡು. ಮತ್ತ ನಮಗ ರೊಟ್ಟಿ?" ಸೂಗಪ್ಪ ಕೇಳಿದ.

ಹೊರಡುವ ಮುಂಚೆ ಅವಳು ನೂರೈವತ್ತು ರೊಟ್ಟಿ ಬಡಿದಳು. ತನಗೈವತ್ತು, ಉಳಿದವು ಮನೆಗೆ. ಅಂಗೈಯಲ್ಲಿ ಬೊಬ್ಬೆ ಎದ್ದವು. ಅವನು ಹೋಗುವಾಗ ಬರೀ ಬೂಟಿಗೆ ಪಾಲಿಶ್ ಹಾಕಿಕೊಳ್ಳುತ್ತಿದ್ದ.

ರಾಯಚೂರಿನಲ್ಲಿ ಮೊದಲ ದಿನ ನಾಲ್ಕು ಗಂಟೆಗೆ ಚಹಾ ಅವಳು ಕೂತಲ್ಲಿಗೇ ಬಂತು. ಸಕ್ಕರೆ ಜಾಸ್ತಿ, ಹಾಲು ಕಡಿಮೆ. ಆದರೂ ಬೇರೆಯವರು ಕಾಸಿದ್ದು. ಇದನ್ನು ಅವನು ಮೂರು ವರ್ಷ ಕುಡಿದನಲ್ಲ ಎಂದು ಮತ್ತೆ ಉರಿಯಿತು. ಗ್ಲಾಸು ತೊಳೆಯಲು ಎದ್ದು ನಿಂತಳು. ಯಾರೂ ಎದ್ದಿರಲಿಲ್ಲ. ಗ್ಲಾಸನ್ನು ಬೆಂಚಿನ ಮೇಲಿಟ್ಟು ಕೂತಳು.